ರೋಡ್‌ಸ್ಟರಿಗೊಂದು ತಾಡಪತ್ರಿ

ಕಳಂಬೋಲಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಎರಡು ಸಂಗತಿ. ಒಂದು, ಊರಿಗೆ ಹೋಗುವ ರಾತ್ರಿ ಬಸ್ಸಿಗೆ ಬ್ಯಾಗು ಹಿಡಿದು ಕಾಯುವ ಮೆಕ್‌ಡೊನಾಲ್ಡ್ಸ್ ಮುಂದಿನ ಜಾಗ. ಇನ್ನೊಂದು, ಲೋಖಂಡ ಬಜಾರಿನ ಲಾರಿಗಳ ಸಾಲು. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಶುರುವಾಗುವುದೂ ಇಲ್ಲಿಂದಲೇ. ಹಾಗಾಗಿ ವೇಗದ ಹುಚ್ಚು ಹತ್ತಿದವರಿಗೆ ಈ ಊರು ಹೆಬ್ಬಾಗಿಲು ಇದ್ದಂತೆ. ನನ್ನ ಆಫೀಸಿನ ಗೆಳೆಯನೊಬ್ಬನಿಗೆ ಆ ಹುಚ್ಚು ಹತ್ತಿ ಮೂರು ವರ್ಷವಾಯಿತು.

ಅವನ ಬಳಿ ಇರುವುದು ಹಳೆಯ ಸ್ಯಾನ್ ಸ್ಟಾರ್ಮ್. ಈಗಿನ ಹುಡುಗರಿಗೆ ಈ ಹೆಸರು ಗೊತ್ತಿರಲಾರದು. ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಕಂಪನಿ 1998ರ ಹೊತ್ತಿಗೆ ತಂದ, ಗೋವಾದ ಕಾರ್ಖಾನೆಯಲ್ಲಿ ತಯಾರಾದ ಎರಡು ಸೀಟಿನ ಪುಟ್ಟ ಕಾರು ಅದು. ಫೈಬರ್‌ಗ್ಲಾಸ್ ಮೈ, ರೆನೋ ಕಂಪನಿಯ 1,149 ಸಿಸಿ ಎಂಜಿನ್, ಸುಮಾರು 60 ಅಶ್ವಶಕ್ತಿ. ಚಾವಣಿ ತೆಗೆದು ಓಡಿಸಬಹುದಾದ ಇಂಥ ಕಾರಿಗೆ ರೋಡ್‌ಸ್ಟರ್ ಎನ್ನುತ್ತಾರೆ. ಇದನ್ನು ಡ್ರ್ಯಾಗ್ ರೇಸಿಗೆ ಒಯ್ಯಬೇಕೆಂಬುದು ಅವನ ಆಸೆ. ಲೋಣಾವಳದ ಆಚೆ ಆಂಬಿ ವ್ಯಾಲಿಯ ಏರ್‌ಸ್ಟ್ರಿಪ್‌ನಲ್ಲಿ ವ್ಯಾಲಿ ರನ್ ಹೆಸರಿನ ಸ್ಪರ್ಧೆಗಳು ನಡೆದಿದ್ದನ್ನು ಅವನು ನೋಡಿ ಬಂದಿದ್ದ. ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ 402 ಮೀಟರ್ ದೂರವನ್ನು ಎಷ್ಟು ಬೇಗ ಮುಟ್ಟುತ್ತೀರಿ ಎಂಬುದೇ ಅಲ್ಲಿಯ ಪಂದ್ಯ.

ಹತ್ತಿರದ ಗ್ಯಾರೇಜೊಂದರವರು, "ಹಿಂದಕ್ಕೊಂದು ದೊಡ್ಡ ರೆಕ್ಕೆ ಕೂರಿಸಿ, ಗಾಳಿ ಸೀಳಿಕೊಂಡು ಹೋಗುತ್ತದೆ" ಎಂದು 45 ಸಾವಿರದ ಅಂದಾಜು ಕೊಟ್ಟರು. ಗೆಳೆಯ ಆ ಚೀಟಿ ಹಿಡಿದು ನನ್ನ ಬಳಿ ಬಂದ. "ನೀನು ಎಂ.ಟೆಕ್‌ನಲ್ಲಿ ಇದನ್ನೇ ಓದಿದ್ದಲ್ವೇನೋ? ಸ್ವಲ್ಪ ಲೆಕ್ಕ ಹಾಕಿ ಹೇಳು." ಹೌದು, ಓದಿದ್ದು ದ್ರವ-ಅನಿಲಗಳ ಚಲನಶಾಸ್ತ್ರ, ಹೊಟ್ಟೆಪಾಡು ಸಾಫ್ಟ್‌ವೇರ್. ಹಳೆಯ ಪುಸ್ತಕ ಕೆಳಗಿಳಿಸಲು ನನಗೂ ಒಂದು ನೆಪ ಸಿಕ್ಕಿತು.

ಮೊದಲು ಗಾಳಿಯ ಲೆಕ್ಕ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಎದುರಿಸಲು ಬೇಕಾದ ಶಕ್ತಿ ಎಂಟು ಪಟ್ಟು. ಚಾವಣಿ ತೆರೆದ ಪುಟ್ಟ ಕಾರಿಗೆ ತಡೆಯ ಗುಣಾಂಕ 0.45, ಎದುರಿನಿಂದ ಕಾಣುವ ವಿಸ್ತೀರ್ಣ 1.7 ಚದರ ಮೀಟರ್ ಎಂದು ಹಿಡಿದೆವು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಳಿಗೆ ಹೋಗುವುದು 3 ಅಶ್ವಶಕ್ತಿಯೂ ಇಲ್ಲ. 120ರಲ್ಲಿ ಅದು ಸುಮಾರು 23. 180ಕ್ಕೆ ಹೋಗಬೇಕೆಂದರೆ 77ರ ಸುತ್ತಮುತ್ತ, ಅಂದರೆ ಈ ಎಂಜಿನ್ನಿನಲ್ಲಿ ಇರುವುದಕ್ಕಿಂತ ಹೆಚ್ಚು!

ಇಷ್ಟರಿಂದಲೇ ಒಂದು ಮಾತು ಸ್ಪಷ್ಟ. ಓಟದ ಮೊದಲ ನೂರು ಮೀಟರಿನಲ್ಲಿ ಗಾಳಿ ನಮ್ಮ ಶತ್ರುವಲ್ಲ. ಅಲ್ಲಿ ಟೈರಿನ ಹಿಡಿತ, ಕ್ಲಚ್ ಬಿಡುವ ಕಾಲು, ಕಾರಿನ ತೂಕ ಇವುಗಳದ್ದೇ ಕಾರುಬಾರು. ಗಾಳಿ ತನ್ನ ಪಾಲು ಕೇಳುವುದು ಅರ್ಧ ದಾರಿ ದಾಟಿದ ಮೇಲೆ.

ರೋಡ್‌ಸ್ಟರಿಗೆ ಗಾಳಿ ಹೆಚ್ಚು ತಡೆಯೊಡ್ಡುವುದು ಯಾಕೆ ಎಂಬುದನ್ನು ನನಗಿಂತ ಚೆನ್ನಾಗಿ ವಿವರಿಸಿದವರು ಒಬ್ಬ ಲಾರಿ ಚಾಲಕರು. ವಿಜಾಪುರದ ಕಡೆಯವರು, ಉಕ್ಕಿನ ಕಾಯಿಲ್ ಇಳಿಸಿ ಚಹಾ ಕುಡಿಯುತ್ತಿದ್ದರು. ಖಾಲಿ ಲಾರಿಗೂ ತಾಡಪತ್ರಿ ಕಟ್ಟುತ್ತಿದ್ದುದನ್ನು ಕಂಡು ಕೇಳಿದೆ. "ಖಾಲಿ ಗಾಡಿ ಅಂದ್ರ ಹಗುರ ಅಂತ ತಿಳಕೋಬ್ಯಾಡ್ರಿ ಸರ. ಬಾಯಿ ತೆರದಿಟ್ರ ಗಾಳಿ ಒಳಗ ಹೊಕ್ಕು ಹಿಂದಕ್ಕ ಜಗ್ಗತದ. ತಾಡಪತ್ರಿ ಬಿಗಿದ್ರ ಸಲೀಸ ಓಡ್ತದ, ಡೀಸೆಲ್ಲೂ ಉಳೀತದ" ಎಂದರು. ನನ್ನ ಪುಸ್ತಕದ ಒಂದು ಅಧ್ಯಾಯ ಅಲ್ಲಿಗೆ ಮುಗಿಯಿತು. ತೆರೆದ ಖಾಲಿ ಕಲ್ಲಿದ್ದಲು ವ್ಯಾಗನ್ನುಗಳಿಗೂ ಇದೇ ಕಾಟ. ತುಂಬಿದ ವ್ಯಾಗನ್ನಿಗಿಂತ ಖಾಲಿಯದಕ್ಕೇ ಗಾಳಿಯ ತಡೆ ಹೆಚ್ಚು.

ತೆರೆದ ರೋಡ್‌ಸ್ಟರ್ ಕೂಡ ಬಾಯಿ ತೆರೆದ ಡಬ್ಬವೇ. ಮುಂಗಾಜಿನ ಮೇಲಿಂದ ಹಾರಿದ ಗಾಳಿ ಸೀಟಿನ ಹಿಂದೆ ಬಿದ್ದು, ಸುಳಿಯಾಗಿ ತಿರುಗಿ ಮುಂದಕ್ಕೆ ಬರುತ್ತದೆ. ತೆರೆದ ಕಾರಿನಲ್ಲಿ ಕೂತವರ ಕೂದಲು ಹಿಂದಕ್ಕೆ ಹಾರದೆ ಮುಖದ ಮೇಲೆ ಬೀಳುವುದು ಇದರಿಂದಲೇ. ಈ ಸುಳಿಯನ್ನು ತಿರುಗಿಸುವ ಶಕ್ತಿ ಎಂಜಿನ್ನಿನಿಂದಲೇ ಹೋಗಬೇಕು.

ಇದನ್ನು ಕಣ್ಣಾರೆ ನೋಡಲು ದೊಡ್ಡ ಗಾಳಿಸುರಂಗ ಬೇಕಿಲ್ಲ, ಉಣ್ಣೆಯ ದಾರ ಸಾಕು. ಬೆರಳುದ್ದದ ತುಂಡುಗಳನ್ನು ಕಾರಿನ ಮೈತುಂಬ ಟೇಪಿನಿಂದ ಅಂಟಿಸಿದೆವು. ತಳೋಜಾದ ಕಾರ್ಖಾನೆಯೊಂದರ ಒಳರಸ್ತೆಯಲ್ಲಿ, ರಜಾದಿನ ಅನುಮತಿ ಪಡೆದು ಗೆಳೆಯ 60ರ ವೇಗದಲ್ಲಿ ಓಡಿಸಿದ. ಪಕ್ಕದ ಕಾರಿನಿಂದ ನಾನು ಮೊಬೈಲಿನಲ್ಲಿ ವಿಡಿಯೋ ಮಾಡಿದೆ. ಬಾನೆಟ್ಟಿನ ಮೇಲಿನ ದಾರಗಳು ಬಾಚಿದ ಕೂದಲಿನಂತೆ ಹಿಂದಕ್ಕೆ ಮಲಗಿದ್ದವು. ಸೀಟಿನ ಹಿಂದಿನವು ಹುಚ್ಚೆದ್ದು ಕುಣಿಯುತ್ತಿದ್ದವು, ಕೆಲವು ಮುಂದಕ್ಕೇ ತಿರುಗಿದ್ದವು. ದಾರ ಎಲ್ಲಿ ಕುಣಿಯುತ್ತದೋ ಅಲ್ಲಿ ಶಕ್ತಿ ಸೋರುತ್ತಿದೆ ಎಂದರ್ಥ.

ಪರಿಹಾರ ಹೊಸದೇನಲ್ಲ. 1955ರಿಂದ 57ರವರೆಗೆ ಸತತ ಮೂರು ವರ್ಷ ಲೆ ಮಾನ್ಸ್ ಗೆದ್ದ ಜಾಗ್ವಾರ್ ಡಿ-ಟೈಪ್ ಕಾರಿನ ಚಿತ್ರ ನೋಡಿ. ಚಾಲಕನ ತಲೆಯ ಹಿಂದೆ ಗಾಳಿ ಮೆಲ್ಲಗೆ ಇಳಿದುಹೋಗಲೆಂದು ಉಬ್ಬು ಕೊಟ್ಟಿದ್ದಾರೆ. ಡ್ರ್ಯಾಗ್ ರೇಸಿನಲ್ಲಿ ಅಮೆರಿಕದ ಡಾನ್ ಗಾರ್ಲಿಟ್ಸ್ 1986ರಲ್ಲಿ ಗಂಟೆಗೆ 270 ಮೈಲಿಯ ಗಡಿ ದಾಟಿದ್ದು ಚಾಲಕನ ಗೂಡನ್ನು ಪೂರ್ತಿ ಮುಚ್ಚಿದ ಕಾರಿನಲ್ಲಿ. ನಮ್ಮ ಕಾರಿಗೆ ಇಷ್ಟು ಸಾಕು: ಗಟ್ಟಿ ಚಾವಣಿ ಇದ್ದರೆ ಅದನ್ನು ಹಾಕಿ ಗಾಜು ಏರಿಸುವುದು, ಇಲ್ಲದಿದ್ದರೆ ಪಕ್ಕದ ಸೀಟಿನ ಮೇಲೆ ಬಿಗಿಯಾದ ಹೊದಿಕೆ ಕಟ್ಟುವುದು, ಅಂದರೆ ತಾಡಪತ್ರಿಯೇ! ಮುಂದಿನ ಬಂಪರಿನ ಕೆಳಗೆ ಗಾಳಿ ನುಗ್ಗದಂತೆ ಒಂದು ಪಟ್ಟಿ. ದೀಪ, ಬಾನೆಟ್ಟುಗಳ ಸಂದುಗಳಿಗೆ ಟೇಪು.

ಇನ್ನು ಆ 45 ಸಾವಿರದ ರೆಕ್ಕೆ. ಅದು ಕಾರನ್ನು ನೆಲಕ್ಕೆ ಒತ್ತುವ ಸಾಧನ, ಆ ಒತ್ತಿಗೆ ಪ್ರತಿಯಾಗಿ ಗಾಳಿಯ ತಡೆಯನ್ನು ಹೆಚ್ಚಿಸಿಯೇ ತೀರುತ್ತದೆ. ಹಿಂದಿನ ಚಕ್ರ ಎಳೆಯುವ ಸಾವಿರಾರು ಅಶ್ವಶಕ್ತಿಯ ಕಾರಿಗೆ ಅದು ಬೇಕು. ಸ್ಯಾನ್ ಸ್ಟಾರ್ಮ್ ಮುಂದಿನ ಚಕ್ರಗಳಿಂದ ಓಡುವ ಕಾರು. ಹಿಂದಿನ ಚಕ್ರಕ್ಕಿಂತ ಆಚೆ ರೆಕ್ಕೆ ನಿಲ್ಲಿಸಿ ಒತ್ತಿದರೆ ಮಕ್ಕಳ ಏತದಾಟದಂತೆ ಮುಂಭಾಗ ಹಗುರಾಗುತ್ತದೆ. ಎಳೆಯಬೇಕಾದ ಚಕ್ರವೇ ಹಿಡಿತ ಕಳೆದುಕೊಳ್ಳುತ್ತದೆ. ದುಡ್ಡು ಕೊಟ್ಟು ನಿಧಾನವಾದಂತೆ!

ಉಳಿದದ್ದೆಲ್ಲ ಮಾಡಿದರೆ ಲಾಭವೆಷ್ಟು? ತಡೆ ಶೇಕಡ 15ರಷ್ಟು ಕಡಿಮೆಯಾಯಿತು, ಚಾಲಕನೂ ಸೇರಿ ತೂಕ 850 ಕಿಲೋ ಎಂದು ಇಟ್ಟುಕೊಂಡೆವು. ಕೊನೆಯ ಗೆರೆಯಲ್ಲಿ ಸುಮಾರು 115 ಕಿಲೋಮೀಟರ್ ಇರಬೇಕಾದ ವೇಗ 2 ಕಿಲೋಮೀಟರಿನಷ್ಟು ಏರುತ್ತದೆ. 18 ಸೆಕೆಂಡಿನ ಓಟದಲ್ಲಿ ಉಳಿಯುವುದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸು. ಪಕ್ಕದ ಸೀಟು, ಸ್ಟೆಪ್ನಿ, ಜಾಕ್ ಕೆಳಗಿಳಿಸಿ 35 ಕಿಲೋ ಕಳೆದರೆ ಅದರ ಎರಡು ಪಟ್ಟು ಉಳಿಯುತ್ತದೆ, ಅದೂ ಪುಕ್ಕಟೆ. ಹಾಗಾಗಿ ನಾನು ಬರೆದುಕೊಟ್ಟ ಕ್ರಮ ಇದು: ಮೊದಲು ಟೈರು, ಆಮೇಲೆ ತೂಕ, ಆಮೇಲೆ ಹೊದಿಕೆ ಮತ್ತು ಪಟ್ಟಿ. ರೆಕ್ಕೆ ಬೇಡ. ಉಳಿದ ದುಡ್ಡಿಗೆ ತಲೆ ಕಾಯುವ ರೋಲ್ ಬಾರ್, ಒಳ್ಳೆಯ ಹೆಲ್ಮೆಟ್, ಬೆಲ್ಟು.

ಗೆಳೆಯ ಒಪ್ಪಿದ. ಒಪ್ಪದಿದ್ದವನು ಅವನ ತಮ್ಮ. ಕಾಲೇಜು ಓದುವ ಹುಡುಗ. "ಆಂಬಿ ವ್ಯಾಲಿ ತನಕ ಯಾಕಣ್ಣ, ರಾತ್ರಿ ಎರಡು ಗಂಟೆಗೆ ಪಾಮ್ ಬೀಚ್ ರೋಡ್ ಖಾಲಿ ಇರತ್ತೆ" ಎಂದ. ಅಲ್ಲಿಯವರೆಗೆ ನಗುತ್ತಿದ್ದ ನಾವಿಬ್ಬರೂ ಸುಮ್ಮನಾದೆವು. ಸಾರ್ವಜನಿಕ ರಸ್ತೆಯಲ್ಲಿ ರೇಸು ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಹುಡುಗನಿಗೆ ಇದು ದೊಡ್ಡದೆನಿಸಲಿಲ್ಲ.

ಆಗ ಅದೇ ಹಾಳೆಯ ಹಿಂಬದಿಯಲ್ಲಿ ಇನ್ನೊಂದು ಲೆಕ್ಕ ಬರೆದೆ. 115ರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 32 ಮೀಟರ್ ಹೋಗುತ್ತದೆ. ಎದುರಿಗೆ ಯಾರೋ ಬಂದದ್ದು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಒಂದು ಸೆಕೆಂಡು ಕಳೆದಿರುತ್ತದೆ. ಆಮೇಲೆ ಒಣ ರಸ್ತೆಯಲ್ಲಿ ಕಾರು ನಿಲ್ಲಲು ಇನ್ನೂ 65 ಮೀಟರಿನಷ್ಟು ಬೇಕು. ಏರ್‌ಸ್ಟ್ರಿಪ್‌ನಲ್ಲಿ ಗೆರೆಯ ಆಚೆಗೂ ಖಾಲಿ ಜಾಗ ಇರುತ್ತದೆ, ಆಂಬ್ಯುಲೆನ್ಸ್ ನಿಂತಿರುತ್ತದೆ. ಪಾಮ್ ಬೀಚಿನಲ್ಲಿ ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಹೊರಟ ನಮ್ಮಂಥವನೊಬ್ಬ ಇರುತ್ತಾನೆ. "ನಾವು ಇಷ್ಟು ದಿನ ಒದ್ದಾಡಿದ್ದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಕಣೋ" ಎಂದೆ. ಹುಡುಗ ಮಾತಾಡಲಿಲ್ಲ, ಆದರೆ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ಈಗ ಹೊದಿಕೆ ಹೊಲಿಸುವ ಕೆಲಸ ಅವನದೇ. ಅಳತೆ ಹಿಡಿದು ಲೋಖಂಡ ಬಜಾರಿನ ಬದಿಯ ತಾಡಪತ್ರಿ ಅಂಗಡಿಗೆ ಹೋಗಿದ್ದಾನೆ.