ಕರೆಂಟು ಹೋದರೂ ಕಡತ ಉಳಿಯಲಿ

ನಿಮ್ಮ ಮನೆಯ ರೇಡಿಯೊ ಹಾಡುತ್ತಿರುವಾಗ ಕರೆಂಟು ಹೋಯಿತೆನ್ನಿ. ಹಾಡು ನಿಲ್ಲುತ್ತದೆ. ಮತ್ತೆ ಕರೆಂಟು ಬರುವ ಹೊತ್ತಿಗೆ ಹಾಡು ಮುಗಿದು ವಾರ್ತೆ ಪ್ರಾರಂಭವಾಗಿರಬಹುದು. ನೀವು ಕಳೆದುಕೊಂಡದ್ದು ಒಂದೆರಡು ಚರಣ, ಅಷ್ಟೆ. ರೇಡಿಯೊ ಪೆಟ್ಟಿಗೆಗೆ ಸಾಧಾರಣವಾಗಿ ಏನೂ ಆಗಿರುವುದಿಲ್ಲ. ಏಕೆಂದರೆ ಅದು ಏನನ್ನೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಬರೆದಿಟ್ಟುಕೊಳ್ಳುವ ಯಂತ್ರದ ಮಾತೇ ಬೇರೆ. ಲೆಕ್ಕ ಬರೆಯುತ್ತಿರುವವನ ಕೈಯಿಂದ ಲೇಖನಿಯನ್ನು ಕಿತ್ತುಕೊಂಡರೆ ಕೆಡುವುದು ಆ ಒಂದು ಸಾಲು ಮಾತ್ರವಲ್ಲ. ಕೆಲವು ವೇಳೆ ಆ ಪುಸ್ತಕವೇ ಓದಲು ಬಾರದಂತಾಗುತ್ತದೆ.

ನಮ್ಮ ನಾಡಿಗೂ ವಿದ್ಯುಚ್ಛಕ್ತಿಗೂ ಹಳೆಯ ನಂಟು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಆದರೂ ತಂತಿ ಬಯಲಿನಲ್ಲಿ, ಮರಗಳ ನಡುವೆ ಹಾದುಹೋಗುವ ತನಕ ಗಾಳಿಮಳೆಗೆ ಅದು ಅಂಜಲೇಬೇಕು. ಬಾಣಸವಾಡಿ, ಕಮ್ಮನಹಳ್ಳಿಗಳಲ್ಲಿ ವಾಸಿಸುವವರಿಗೆ ಇದನ್ನು ಹೇಳಬೇಕಾದ್ದಿಲ್ಲ. ಭರಣಿ ಮಳೆಯ ಸಂಜೆ ಗಾಳಿ ಎದ್ದರೆ ಕೊಂಬೆಯೊಂದು ತಂತಿಯ ಮೇಲೆ ಬೀಳುತ್ತದೆ. ಇಡೀ ಬೀದಿ ಕತ್ತಲಾಗುತ್ತದೆ. ಮಳೆ ಬಂದರೆ ಹೀಗೆ, ಬಾರದಿದ್ದರೂ ತೊಂದರೆಯೇ. 2023ರಲ್ಲಿ ಮುಂಗಾರು ಕೈಕೊಟ್ಟು, ಅಕ್ಟೋಬರ್ ತಿಂಗಳಲ್ಲಿ ರಾಜ್ಯಕ್ಕೆಲ್ಲ ವಿದ್ಯುತ್ ಕೊರತೆಯಾದದ್ದು ನಿಮಗೆ ನೆನಪಿರಬಹುದು.

ಅಂಥದೇ ಒಂದು ಸಂಜೆ ಬಾಣಸವಾಡಿಯ ನನ್ನ ಮನೆಯಲ್ಲಿ ನಡೆದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ತಾಯಿಯವರು ಹೇಳುತ್ತಿದ್ದ ಹಸೆಯ ಹಾಡು, ಆರತಿ ಹಾಡುಗಳನ್ನು ಹಿಂದೆ ಹನ್ನೊಂದು ಕ್ಯಾಸೆಟ್ಟುಗಳಲ್ಲಿ ಧ್ವನಿಮುದ್ರಿಸಿದ್ದೆವು. ಅವರು ಹೋದ ಮೇಲೆ ಆ ಕ್ಯಾಸೆಟ್ಟುಗಳನ್ನೆಲ್ಲ ಮನೆಯ ಸರ್ವರಿಗೆ ಏರಿಸಿ, ಇನ್ನು ನಿಶ್ಚಿಂತೆ ಎಂದುಕೊಂಡೆ. ಆ ಸಂಜೆ ಹತ್ತು ನಿಮಿಷದೊಳಗೆ ಮೂರು ಸಲ ಕರೆಂಟು ಹೋಗಿ ಬಂದಿತು. ಮೂರನೆಯ ಸಲ ಯಂತ್ರ ಎದ್ದಿತು. ಹಾಡುಗಳಿದ್ದ ಭಾಗ ಮಾತ್ರ ತೆರೆಯಲಿಲ್ಲ. ರಾತ್ರಿ ರಾತ್ರಿ ಪ್ರತಿ ತೆಗೆಯುವ ಏರ್ಪಾಡೇನೋ ಇತ್ತು. ಆದರೆ ಆ ಪ್ರತಿಗಳನ್ನು ನಾನು ಇಟ್ಟಿದ್ದುದು ಅದೇ ಡಿಸ್ಕಿನಲ್ಲಿ! ಹಳೆಯ ಕ್ಯಾಸೆಟ್ಟುಗಳನ್ನು ಅಟ್ಟದಿಂದ ಇಳಿಸಿ ನೋಡಿದರೆ ಎಂಟು ಹಾಡಿದವು. ಮೂರು ಬೂಷ್ಟು ಹಿಡಿದು ಅಂಟಿಕೊಂಡಿದ್ದವು. ಆ ಮೂರರಲ್ಲಿದ್ದ ಹಾಡುಗಳು ಈಗ ಎಲ್ಲಿಯೂ ಇಲ್ಲ.

ತಪ್ಪು ಕರೆಂಟಿನದೂ ಅಲ್ಲ, ಯಂತ್ರದ್ದೂ ಅಲ್ಲ; ನನ್ನದೇ. ಅದು ನಿಮ್ಮ ಮನೆಯಲ್ಲಿ ಆಗದಿರಲಿ ಎಂದು ಈ ನಾಲ್ಕು ಮಾತು.

ವರ್ಚುವಲೈಸೇಷನ್ ಸರ್ವರ್ ಎಂದರೇನು? ಬೆಂಗಳೂರಿನ ಹಳೆಯ ವಠಾರಗಳನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹೆಬ್ಬಾಗಿಲು ಒಂದು, ಬಾವಿ ಒಂದು. ಒಳಗೆ ಐದಾರು ಸಂಸಾರ. ಪ್ರತಿಯೊಂದು ಸಂಸಾರದ ಒಲೆ, ಬೀಗ ಬೇರೆ ಬೇರೆ. ಹಾಗೆಯೇ ಒಂದೇ ಕಂಪ್ಯೂಟರಿನ ಒಳಗೆ ಹಲವು ಕಂಪ್ಯೂಟರುಗಳು ಬೇರೆ ಬೇರೆಯಾಗಿ ಇರುವಂತೆ ಮಾಡುವ ತಂತ್ರವಿದು. ಒಂದು ಮನೆಯವರ ಭಾವಚಿತ್ರಗಳನ್ನು ಕಾಯುತ್ತದೆ. ಇನ್ನೊಂದು ಸಂಗೀತವನ್ನು ನುಡಿಸುತ್ತದೆ. ಮತ್ತೊಂದು ಬಾಗಿಲ ಕ್ಯಾಮೆರಾದ ಚಿತ್ರಗಳನ್ನು ಬರೆದಿಡುತ್ತದೆ. ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಪ್ರಾಕ್ಸ್‌ಮಾಕ್ಸ್ ಎಂಬ ತಂತ್ರಾಂಶ ವಿಯೆನ್ನಾ ನಗರದ ಒಂದು ಸಂಸ್ಥೆಯದು; 2008ರಲ್ಲಿ ಹೊರಬಂದಿತು. ಅದನ್ನು ಹಣ ಕೊಡದೆಯೂ ಬಳಸಬಹುದು. ಅನುಕೂಲವೇನೋ ದೊಡ್ಡದು, ಆದರೆ ಹೆಬ್ಬಾಗಿಲು ಕುಸಿದರೆ ಎಲ್ಲ ಸಂಸಾರಗಳಿಗೂ ಒಟ್ಟಿಗೇ ಪೆಟ್ಟು.

ಇನ್ನು ಕರೆಂಟು ಹೋದಾಗ ಬರವಣಿಗೆ ಏಕೆ ಕೆಡುತ್ತದೆ ಎಂಬುದನ್ನು ನೋಡೋಣ. ಅಂಗಡಿಯ ಗುಮಾಸ್ತನನ್ನು ನೆನೆಯಿರಿ. ಯಜಮಾನ ಒಂದರ ಮೇಲೊಂದು ಲೆಕ್ಕ ಹೇಳುತ್ತಿದ್ದಾನೆ. ಗುಮಾಸ್ತ ‘ಬರೆದೆ, ಸ್ವಾಮಿ’ ಎನ್ನುತ್ತಾನೆ. ಆದರೆ ಕೆಲವನ್ನು ಇನ್ನೂ ತಲೆಯಲ್ಲೇ ಇಟ್ಟುಕೊಂಡಿರುತ್ತಾನೆ, ಆಮೇಲೆ ಒಟ್ಟಿಗೆ ಬರೆಯೋಣವೆಂದು. ಕಂಪ್ಯೂಟರೂ ಹೀಗೆಯೇ. ಡಿಸ್ಕಿನ ಮೇಲೆ ಬರೆಯುವುದು ನಿಧಾನದ ಕೆಲಸವಾದ್ದರಿಂದ ಬರೆಯಬೇಕಾದುದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಕರೆಂಟು ಹೋದ ಕ್ಷಣ ಆ ನೆನಪು ಅಳಿಸಿಹೋಗುತ್ತದೆ.

ಇದಕ್ಕೆ ಪರಿಹಾರವನ್ನೂ ತಿಳಿದವರು ಕಂಡುಹಿಡಿದಿದ್ದಾರೆ. ಒಳ್ಳೆಯ ಅಂಗಡಿಯಲ್ಲಿ ಲೆಕ್ಕವನ್ನು ಮೊದಲು ದಿನವಹಿಯಲ್ಲಿ ಗುರುತು ಮಾಡಿ, ಆಮೇಲೆ ಖಾತೆಗೆ ಏರಿಸುತ್ತಾರಷ್ಟೆ? ಈಗಿನ ಅನೇಕ ಕಡತ ವ್ಯವಸ್ಥೆಗಳು ಅಂಥದೊಂದು ದಿನವಹಿಯನ್ನು ಇಟ್ಟಿರುತ್ತವೆ. ಜೆಡ್‌ಎಫ್‌ಎಸ್ ಎಂಬ ವ್ಯವಸ್ಥೆಯು ಹಳೆಯ ಪುಟವನ್ನು ಅಳಿಸುವುದೇ ಇಲ್ಲ. ಹೊಸ ಪುಟದಲ್ಲಿ ಬರೆದು, ಬರೆದದ್ದು ಪೂರ್ತಿಯಾದ ಮೇಲೆ ಪರಿವಿಡಿಯನ್ನು ತಿದ್ದುತ್ತದೆ. ಆದ್ದರಿಂದ ಪುಸ್ತಕ ಉಳಿಯುತ್ತದೆ. ಆದರೆ ಕೊನೆಯ ಕೆಲವು ಸೆಕೆಂಡುಗಳ ಬರವಣಿಗೆ ಹೋಗಬಹುದು. ಸಾಮಾನ್ಯವಾಗಿ ಐದು ಸೆಕೆಂಡಿಗೊಮ್ಮೆ ಅದು ಡಿಸ್ಕಿಗೆ ಇಳಿಸುತ್ತದೆ. ಬೆಲೆಬಾಳುವ ಕೆಲವು ಡಿಸ್ಕುಗಳಲ್ಲಿ ಕೆಪಾಸಿಟರುಗಳನ್ನೂ ಇಟ್ಟಿರುತ್ತಾರೆ. ಹಳೆಯ ರೇಡಿಯೊ ರಿಪೇರಿಯವರು ಕಂಡೆನ್ಸರ್ ಎನ್ನುತ್ತಿದ್ದುದು ಇದನ್ನೇ. ಕರೆಂಟು ಹೋದ ಮೇಲೂ ಕೈಯಲ್ಲಿರುವ ಸಾಲನ್ನು ಬರೆದು ಮುಗಿಸುವಷ್ಟು ಶಕ್ತಿ ಅದರಲ್ಲಿ ಉಳಿದಿರುತ್ತದೆ.

ಹಾಗಾದರೆ ನನ್ನ ಮನೆಯಲ್ಲಿ ಆದದ್ದೇನು? ‘ಈಗಲೇ ಬರೆ, ಬರೆದ ಮೇಲೆಯೇ ಹೇಳು’ ಎಂದು ಒಳಗಿನ ಯಂತ್ರಗಳು ಆಗಾಗ ಕೇಳಿಕೊಳ್ಳುವುದುಂಟು. ಆ ಮಾತನ್ನು ಲಕ್ಷಿಸದೆ ಓಡುವ ಒಂದು ಆಯ್ಕೆ ಪ್ರಾಕ್ಸ್‌ಮಾಕ್ಸಿನಲ್ಲಿದೆ. ಅದರ ಹೆಸರಿನಲ್ಲೇ ‘ಅನ್‌ಸೇಫ್’, ಎಂದರೆ ಅಪಾಯಕರ ಎಂದು ಬರೆದಿದೆ. ವೇಗ ಹೆಚ್ಚುತ್ತದೆಂಬ ಆಸೆಗೆ ನಾನು ಅದನ್ನೇ ಆರಿಸಿದ್ದೆ. ನೀವು ಇಂದೇ ಹೋಗಿ ನಿಮ್ಮ ಯಂತ್ರದಲ್ಲಿ ಅದನ್ನು ನೋಡಿ, ಇದ್ದರೆ ತೆಗೆದುಹಾಕಿ. ಕಾಸಿಲ್ಲದ ಮೊದಲ ರಕ್ಷಣೆ ಇದೇ.

ಎರಡನೆಯದು ಬ್ಯಾಟರಿ. ‘ನಮ್ಮ ಮನೆಯಲ್ಲಿ ದೊಡ್ಡ ಇನ್ವರ್ಟರ್ ಇದೆ, ಸಾಲದೆ?’ ಎಂದು ನೀವು ಕೇಳಬಹುದು. ಅರ್ಧ ಮಾತ್ರ ಸಾಕು. ನಮ್ಮ ವಿದ್ಯುತ್ತಿನ ಒಂದು ಆವರ್ತಕ್ಕೆ ಹಿಡಿಯುವ ಕಾಲ ಸೆಕೆಂಡಿನ ಐವತ್ತನೆಯ ಒಂದು ಭಾಗ. ಕಂಪ್ಯೂಟರು ಕರೆಂಟಿಲ್ಲದೆ ತಡೆದುಕೊಳ್ಳಬಲ್ಲದ್ದು ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಇನ್ವರ್ಟರ್ ಬದಲಾಗುವಾಗ ಫ್ಯಾನು, ದೀಪಗಳಿಗೆ ಗೊತ್ತೇ ಆಗದ ಆ ಸಣ್ಣ ಬಿಡುವು ಸರ್ವರನ್ನು ಉರುಳಿಸಬಹುದು. ಅನೇಕ ಇನ್ವರ್ಟರುಗಳ ಹಿಂಭಾಗದಲ್ಲಿ ಯುಪಿಎಸ್ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದ್ದರೆ ಬಿಡುವು ಚಿಕ್ಕದಾಗುತ್ತದೆ. ಇನ್ನೊಂದು ಕೊರತೆ: ಸಾಮಾನ್ಯ ಇನ್ವರ್ಟರಿಗೆ ಬಾಯಿಲ್ಲ. ಬ್ಯಾಟರಿ ಮುಗಿಯುತ್ತ ಬಂದಿತೆಂದು ಅದು ಸರ್ವರಿಗೆ ಹೇಳಲಾರದು.

ಆದ್ದರಿಂದ ಇನ್ವರ್ಟರಿಗೂ ಸರ್ವರಿಗೂ ನಡುವೆ ಯುಎಸ್‌ಬಿ ತಂತಿಯುಳ್ಳ ಸಣ್ಣ ಯುಪಿಎಸ್ ಒಂದನ್ನು ಇಡಿ. ಇನ್ವರ್ಟರ್ ಶುದ್ಧ ಸೈನ್ ತರಂಗದ್ದಾಗಿದ್ದರೆ ಒಳ್ಳೆಯದು. ಚೌಕ ತರಂಗವನ್ನು ಕೆಲವು ಯುಪಿಎಸ್‌ಗಳು ಒಪ್ಪುವುದಿಲ್ಲ. ಇನ್ವರ್ಟರ್ ಗಂಟೆಗಟ್ಟಲೆ ಕಾಯುತ್ತದೆ. ಅದೂ ಕೈಬಿಟ್ಟಾಗ ಯುಪಿಎಸ್ ಸರ್ವರಿಗೆ ಸುದ್ದಿ ಮುಟ್ಟಿಸುತ್ತದೆ.

ಸಣ್ಣದೊಂದು ಲೆಕ್ಕ ಮಾಡೋಣ. ಸಾಧಾರಣ ಯುಪಿಎಸ್‌ನಲ್ಲಿ 12 ವೋಲ್ಟಿನ, 7 ಆಂಪೇರ್-ಗಂಟೆಯ ಬ್ಯಾಟರಿ ಇರುತ್ತದೆ. 12ನ್ನು 7ರಿಂದ ಗುಣಿಸಿದರೆ 84 ವ್ಯಾಟ್-ಗಂಟೆ. ಇದರಲ್ಲಿ ಅರ್ಧ ಮಾತ್ರ ಕೈಗೆ ಬರುವುದೆಂದು ಎಣಿಸಿ: 42. ನಿಮ್ಮ ಸರ್ವರೂ ಇಂಟರ್‌ನೆಟ್ ಪೆಟ್ಟಿಗೆಯೂ ಸೇರಿ 60 ವ್ಯಾಟ್ ಎಳೆದರೆ ಸುಮಾರು 42 ನಿಮಿಷ ಸಿಕ್ಕಿತು. ಬ್ಯಾಟರಿ ಎರಡು ಮೂರು ವರ್ಷ ಹಳೆಯದಾದರೆ ಅದರಲ್ಲಿಯೂ ಅರ್ಧವೆನ್ನಿ. ಅಡಿಗೆಮನೆಯ ಬಿಸಿ, ಮುಚ್ಚಿದ ಬೀರುವಿನ ಸೆಕೆ ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತವೆ; ಗಾಳಿಯಾಡುವ ಕಡೆ ಇಡಿ.

ಈ ಇಪ್ಪತ್ತು ನಿಮಿಷ ಇರುವುದು ಯಂತ್ರವನ್ನು ಓಡಿಸುತ್ತಿರಲಿಕ್ಕಲ್ಲ, ಮರ್ಯಾದೆಯಾಗಿ ಮಲಗಿಸಲಿಕ್ಕೆ. ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಉಚಿತ ತಂತ್ರಾಂಶವೊಂದಿದೆ. ಯುಪಿಎಸ್‌ನ ಸುದ್ದಿಯನ್ನು ಕೇಳಿ ಸರ್ವರಿಗೆ ‘ಮುಚ್ಚು’ ಎಂದು ಹೇಳುವ ಕೆಲಸ ಅದರದು. ಬ್ಯಾಟರಿ ತೀರುವ ತನಕ ಕಾಯದೆ, ಮೂರೋ ಐದೋ ನಿಮಿಷ ಕಳೆದ ಕೂಡಲೆ ಮುಚ್ಚುವಂತೆ ಏರ್ಪಡಿಸಿ. ಹಳೆಯ ಬ್ಯಾಟರಿ ‘ಅರ್ಧ ಉಳಿದಿದೆ’ ಎಂದು ತೋರಿಸುತ್ತಲೇ ಪ್ರಾಣ ಬಿಡುವುದುಂಟು. ಒಳಗಿನ ಸಂಸಾರಗಳು ಮೊದಲು ಮಲಗಬೇಕು, ಹೆಬ್ಬಾಗಿಲು ಕೊನೆಗೆ. ಪ್ರಾಕ್ಸ್‌ಮಾಕ್ಸ್ ಈ ಕ್ರಮವನ್ನು ತಾನೇ ಪಾಲಿಸುತ್ತದೆ. ಒಂದೊಂದು ಯಂತ್ರ ಮಲಗಲು ಸಾಮಾನ್ಯವಾಗಿ 180 ಸೆಕೆಂಡುಗಳ ತನಕ ಕಾಯುತ್ತದೆ. ಎಲ್ಲಕ್ಕೂ ಸೇರಿ ಎಷ್ಟು ನಿಮಿಷ ಹಿಡಿಯುತ್ತದೆಂದು ಗಡಿಯಾರ ಹಿಡಿದು ನೋಡಿಕೊಳ್ಳಿ. ಕರೆಂಟು ಮರಳಿದ ಕೂಡಲೆ ಎಬ್ಬಿಸುವ ಆತುರವೂ ಬೇಡ. ಬಂದ ಕರೆಂಟು ಮತ್ತೆ ಹೋಗುವುದೇ ಹೆಚ್ಚು; ನನ್ನ ಡಿಸ್ಕು ಕೆಟ್ಟದ್ದೂ ಮೂರನೆಯ ಸಲವೇ. ಅರ್ಧ ಗಂಟೆ ತಾಳಿ.

ಇಷ್ಟು ಮಾಡಿದರೆ ಸಾಕೆ? ಸಾಲದು. ಈ ಲೇಖನದ ಮುಖ್ಯವಾದ ಮಾತು ಇದು: ಬ್ಯಾಟರಿ ಸಮಯವನ್ನು ಕೊಡುತ್ತದೆ, ಕಡತವನ್ನು ಕೊಡುವುದಿಲ್ಲ. ಹೋದ ಕಡತವನ್ನು ಮರಳಿ ಕೊಡಬಲ್ಲದ್ದು ಬೇರೆ ಕಡೆ ಇಟ್ಟ ಪ್ರತಿಯೊಂದೇ. ಎರಡು ಡಿಸ್ಕುಗಳ ಮೇಲೆ ಒಂದೇ ಸಮನೆ ಬರೆಯುವ ಏರ್ಪಾಡು ಪ್ರತಿಯಲ್ಲ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲಿಯೂ ಆ ಕ್ಷಣವೇ ಅಳಿಯುತ್ತದೆ. ಸ್ನ್ಯಾಪ್‌ಶಾಟ್ ಸಹ ಪ್ರತಿಯಲ್ಲ. ಟ್ರಂಕಿನ ಎರಡನೆಯ ಬೀಗದ ಕೈಯನ್ನು ಆ ಟ್ರಂಕಿನೊಳಗೇ ಇಟ್ಟು ಬೀಗ ಹಾಕಿದ ಹಾಗೆ ಅದು.

ಲೋಕದಲ್ಲೆಲ್ಲ ರೂಢಿಯಲ್ಲಿರುವ ಸೂತ್ರ ಮೂರು-ಎರಡು-ಒಂದು ಎಂಬುದು. ಒಟ್ಟು ಮೂರು ಪ್ರತಿ. ಎರಡು ಬಗೆಯ ಸಾಧನಗಳಲ್ಲಿ. ಒಂದು ಮನೆಯಿಂದ ಹೊರಗೆ. ನಮ್ಮ ಮನೆಗಳಿಗೆ ಅದನ್ನು ಹೀಗೆ ಹೊಂದಿಸಬಹುದು. ಪ್ರತಿ ರಾತ್ರಿ ಎರಡು ಗಂಟೆಗೆ ಸರ್ವರಿನ ಎಲ್ಲ ಸಂಸಾರಗಳ ಪ್ರತಿಯೂ ಮನೆಯ ಇನ್ನೊಂದು ಹಳೆಯ ಕಂಪ್ಯೂಟರಿಗೆ ಹೋಗಲಿ. ಏಳು ದಿನದ ಪ್ರತಿ, ನಾಲ್ಕು ವಾರದ ಪ್ರತಿ, ಆರು ತಿಂಗಳ ಪ್ರತಿಗಳನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಡಬಹುದು. ತಿಂಗಳಿಗೊಮ್ಮೆ ಒಂದು ಬಿಡಿ ಡಿಸ್ಕಿಗೆ ಪ್ರತಿ ಮಾಡಿ, ತಂತಿ ಕಿತ್ತು, ಕೋಲಾರದಲ್ಲೋ ಮೈಸೂರಿನಲ್ಲೋ ಇರುವ ಅಕ್ಕನ ಮನೆಯ ಬೀರುವಿಗೆ ಸೇರಿಸಿ. ಸಿಡಿಲು ಹೊಡೆದರೆ ಗೋಡೆಗೆ ಸಿಕ್ಕಿಸಿದ್ದೆಲ್ಲ ಒಟ್ಟಿಗೆ ಸುಡಬಹುದು. ಬೀರುವಿನಲ್ಲಿರುವ ಡಿಸ್ಕಿಗೆ ಅದು ಮುಟ್ಟದು. ಆ ಡಿಸ್ಕಿಗೆ ಗುಪ್ತಪದವನ್ನು ಹಾಕಿ, ಪದವನ್ನು ಕಾಗದದ ಮೇಲೆ ಬರೆದು ಬೇರೆ ಕಡೆ ಇಡಿ. ಮನೆಯಲ್ಲಿ ಇನ್ನೊಬ್ಬರಿಗಾದರೂ ಅದು ಎಲ್ಲಿದೆ ಎಂದು ತಿಳಿದಿರಲಿ.

ಕೊನೆಯದಾಗಿ, ಪರೀಕ್ಷೆ. ತೆರೆದು ನೋಡದ ಪ್ರತಿಯನ್ನು ನಂಬಬಾರದು. ವರ್ಷಕ್ಕೆ ನಾಲ್ಕು ಸಲ ಒಂದು ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಹಳೆಯ ಪ್ರತಿಯೊಂದನ್ನು ಹೊಸ ಹೆಸರಿನಲ್ಲಿ ಸರ್ವರಿನೊಳಗೆ ಎಬ್ಬಿಸಿ. ಒಂದು ಭಾವಚಿತ್ರವನ್ನು ತೆರೆದು ನೋಡಿ, ಒಂದು ಹಾಡನ್ನು ಕೊನೆಯ ತನಕ ಕೇಳಿ. ಅನಂತರ ಯುಪಿಎಸ್‌ಗೆ ಸರ್ವರಿನ ಬದಲು ಒಂದು ಟೇಬಲ್ ಫ್ಯಾನನ್ನು ಸಿಕ್ಕಿಸಿ, ಗೋಡೆಯ ಸ್ವಿಚ್ಚನ್ನು ಆರಿಸಿ, ಅದು ಎಷ್ಟು ನಿಮಿಷ ತಿರುಗುತ್ತದೆಂದು ಗುರುತು ಹಾಕಿಕೊಳ್ಳಿ. ಕಳೆದ ಸಲಕ್ಕಿಂತ ತೀರ ಕಡಿಮೆಯಾಗಿದ್ದರೆ ಬ್ಯಾಟರಿಯನ್ನು ಬದಲಾಯಿಸುವ ಕಾಲ ಬಂದಿತೆಂದು ತಿಳಿಯಿರಿ. ಈ ಕೆಲಸವನ್ನು ಯುಗಾದಿಗೆ ಮುಂಚೆ ಒಂದು ಸಲ ಮುಗಿಸಿದರೆ, ಗುಡುಗು ಮಳೆಗಳು ಬರುವ ಹೊತ್ತಿಗೆ ನೀವು ಸಿದ್ಧರಾಗಿರುತ್ತೀರಿ.

ಈಗ ನನ್ನ ತಾಯಿಯವರ ಎಂಟು ಕ್ಯಾಸೆಟ್ಟಿನ ಹಾಡುಗಳು ಮೂರು ಕಡೆ ಇವೆ. ಆ ಮೂರು ಕ್ಯಾಸೆಟ್ಟುಗಳಲ್ಲಿದ್ದ ಒಂದೆರಡು ಹಾಡುಗಳ ಮಾತುಗಳನ್ನು ಅಕ್ಕ ನೆನಪಿನಿಂದ ಬರೆದುಕೊಟ್ಟಿದ್ದಾಳೆ. ತಾಯಿಯ ದನಿಯನ್ನು ಬರೆದುಕೊಡಲು ಅವಳಿಂದಲೂ ಆಗಲಿಲ್ಲ. ನಿಮ್ಮ ಮನೆಯಲ್ಲಿಯೂ ಅಂಥ ದನಿ ಯಾವುದಾದರೂ ಒಂದು ಡಿಸ್ಕಿನಲ್ಲಿ ಇದ್ದೀತು. ಮೋಡ ಕವಿಯುವ ಮುನ್ನ ಅದರ ಇನ್ನೊಂದು ಪ್ರತಿಯನ್ನು ಮಾಡಿಡಿ.