ದೊಡ್ಡ ಮನೆಯಿಂದ ಚಿಕ್ಕ ಮನೆಗೆ: ಹಿರಿಯರ ದೇಹ ಒಗ್ಗುವ ಬಗೆ

ಮಕ್ಕಳು ಬೆಂಗಳೂರು, ಪುಣೆ ಎಂದು ಉದ್ಯೋಗ ಅರಸಿ ಹೋದ ಮೇಲೆ ಊರಿನ ಹಿರಿಯ ಮನೆಯಲ್ಲಿ ಉಳಿಯುವವರು ಇಬ್ಬರೇ. ಮಾಳಿಗೆ ಸೋರುತ್ತದೆ, ದನದ ಅಂಕಣ ಬರಿದಾಗಿದೆ, ಪಡಸಾಲೆಯ ಕಸ ಗುಡಿಸುವಷ್ಟರಲ್ಲಿ ಸೊಂಟ ಹಿಡಿಯುತ್ತದೆ. ಕೊನೆಗೊಂದು ದಿನ ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಎರಡು ಕೋಣೆಯ ಮನೆ ನೋಡಿ ಹಿರಿಯರು ಅಲ್ಲಿಗೆ ಬಂದು ನೆಲೆಸುತ್ತಾರೆ. ತಿಂಗಳೊಪ್ಪತ್ತಿನಲ್ಲಿ ನನ್ನ ಚಿಕಿತ್ಸಾಲಯಕ್ಕೂ ಬರುತ್ತಾರೆ. ನಿದ್ರೆಯಿಲ್ಲ, ಮಲಬದ್ಧತೆ, ಊಟ ರುಚಿಸದು, ಮೈಕೈ ನೋವು. “ಮನಿ ಛಲೋ ಐತ್ರಿ ಡಾಕ್ಟ್ರ, ಖರೆ ನಮಗ ಒಗ್ಗವಲ್ದು” ಎಂದು ಒಬ್ಬ ತಾಯಿ ಹೇಳಿದರು.

ಆ ತಾಯಿ ಆಡಿದ ಮಾತು ಆಯುರ್ವೇದದಲ್ಲಿ ತೂಕವುಳ್ಳ ಮಾತು. ದೀರ್ಘಕಾಲದ ಅಭ್ಯಾಸದಿಂದ ದೇಹಕ್ಕೆ ಹೊಂದಿಕೊಂಡದ್ದನ್ನು ನಮ್ಮ ಶಾಸ್ತ್ರವು ‘ಓಕಸಾತ್ಮ್ಯ’ ಎಂದು ಕರೆಯುತ್ತದೆ. ಓಕಸ್ ಎಂಬ ಪದಕ್ಕೆ ಸಂಸ್ಕೃತದಲ್ಲಿ ಮನೆ ಎಂಬ ಅರ್ಥವೂ ಉಂಟು; ವ್ಯಾಖ್ಯಾನಕಾರರು ಇಲ್ಲಿ ಅಭ್ಯಾಸ ಎಂದೇ ಅರ್ಥ ಹೇಳುತ್ತಾರೆ. ನನಗಂತೂ ಎರಡೂ ಒಂದೇ ಎನಿಸಿದ್ದುಂಟು. ವೃದ್ಧಾಪ್ಯವು ವಾತಪ್ರಧಾನವಾದ ವಯಸ್ಸು. ಹಠಾತ್ ಬದಲಾವಣೆಯನ್ನು ವಾತವು ಸಹಿಸುವುದಿಲ್ಲ. ಅದರ ಮೊದಲ ಪೆಟ್ಟು ನಿದ್ರೆಯ ಮೇಲೆ, ಎರಡನೆಯದು ಕೋಷ್ಠದ ಮೇಲೆ.

ಇದನ್ನೆಲ್ಲ ಬಲ್ಲ ನಾನೇ ಮೂರು ವರ್ಷಗಳ ಹಿಂದೆ ತಪ್ಪು ಮಾಡಿದೆ. ಒಂಬತ್ತು ಅಂಕಣದ ಮನೆಯನ್ನು ತಮ್ಮನ ಮಕ್ಕಳಿಗೆ ಒಪ್ಪಿಸಿ ಧಾರವಾಡದ ಚಿಕ್ಕ ಮನೆಗೆ ಬಂದೆವು. ಮುಹೂರ್ತ ನೋಡಿದ್ದಾಯಿತು, ಲಾರಿಯವನಿಗೆ ಹೇಳಿದ್ದಾಯಿತು, ಒಂದೇ ದಿನದಲ್ಲಿ ಎಲ್ಲವನ್ನೂ ತಂದು ಸುರಿದೆವು. ನನ್ನ ತಂದೆಯವರ ಕಾಲದ ಸಾಗವಾನಿ ಕಪಾಟನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಅದು ಕೋಣೆಗಳಲ್ಲಿ ಹಿಡಿಸದೆ ಮಲಗುವ ಕೋಣೆಯ ಬಾಗಿಲ ಬಳಿ ಎಡಗಡೆ ನಿಂತಿತು. ಊರ ಮನೆಯಲ್ಲಿ ಹಾಸಿಗೆಯಿಂದೆದ್ದು ಎಡಕ್ಕೆ ತಿರುಗಿದರೆ ಬಚ್ಚಲು. ಇಲ್ಲಿ ಅದು ಬಲಕ್ಕೆ. ಐದನೆಯ ರಾತ್ರಿ ನಮ್ಮ ಮನೆಯವರು ಎಚ್ಚರಗೊಂಡು, ದೀಪ ಹಚ್ಚದೆ, ನಲವತ್ತು ವರ್ಷಗಳ ರೂಢಿಯಂತೆ ಎಡಕ್ಕೆ ತಿರುಗಿದರು. ಕಪಾಟಿನ ಮೂಲೆಗೆ ತಗುಲಿ ಬಿದ್ದರು. ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರು. ಅವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಪಟ್ಟಿ ಬಿಚ್ಚಿದ ದಿನ ಮಾತ್ರ, “ಕಪಾಟು ಇರಬೇಕೋ ನಾನು ಇರಬೇಕೋ ನೋಡ್ರಿ” ಎಂದು ನಕ್ಕರು. ಮರುವಾರ ಕಪಾಟು ಒಂದು ವಿದ್ಯಾರ್ಥಿ ನಿಲಯಕ್ಕೆ ಹೋಯಿತು.

ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ‘ಪಾದಾಂಶಿಕ ಕ್ರಮ’ ಎಂಬ ವಿಧಾನವಿದೆ. ಅಹಿತವಾದ ಅಭ್ಯಾಸವನ್ನು ಒಮ್ಮೆಲೇ ಬಿಡದೆ ಕಾಲುಭಾಗ, ಕಾಲುಭಾಗವಾಗಿ ಬಿಡುತ್ತ, ಹಿತವಾದುದನ್ನು ಅದೇ ಪ್ರಮಾಣದಲ್ಲಿ ಹಿಡಿಯಬೇಕೆಂಬುದು ಅದರ ತಾತ್ಪರ್ಯ. ವಾಗ್ಭಟರೂ ಋತುಸಂಧಿಯಲ್ಲಿ, ಅಂದರೆ ಹೋಗುವ ಋತುವಿನ ಕೊನೆಯ 7 ದಿನ ಮತ್ತು ಬರುವ ಋತುವಿನ ಮೊದಲ 7 ದಿನಗಳಲ್ಲಿ, ಹಳೆಯ ಆಚರಣೆಯನ್ನು ಮೆಲ್ಲಗೆ ಬಿಟ್ಟು ಹೊಸದನ್ನು ಮೆಲ್ಲಗೆ ಹಿಡಿಯಿರೆನ್ನುತ್ತಾರೆ. ಆಹಾರ ವಿಹಾರಗಳಿಗೆ ಹೇಳಿದ ಈ ಮಾತನ್ನು ನಾನೀಗ ಮನೆ ಬದಲಿಸುವವರಿಗೂ ಹೇಳುತ್ತೇನೆ. ಮೊದಲು ನಾಲ್ಕಾರು ಹಗಲು ಹೊಸ ಮನೆಯಲ್ಲಿ ಕುಳಿತು ಬನ್ನಿ, ಅಲ್ಲಿಯೇ ಅನ್ನ ಬೇಯಿಸಿ ಉಣ್ಣಿ. ಹೊಸ ಬಣ್ಣದ ವಾಸನೆ ಹೋಗುವವರೆಗೆ ಕಿಟಕಿಗಳು ತೆರೆದಿರಲಿ. ಉಬ್ಬಸವುಳ್ಳವರು ಇದನ್ನು ಉದಾಸೀನ ಮಾಡಬಾರದು. ಬಳಿಕ ಒಂದೆರಡು ರಾತ್ರಿ ತಂಗಿ. ಸಾಮಾನು ಕಂತಿನಲ್ಲಿ ಬರಲಿ. ಲಾರಿ ಬಾಡಿಗೆ ಎರಡು ಬಾರಿ ಬೀಳುತ್ತದೆ ನಿಜ, ಎಲುಬಿನ ಚಿಕಿತ್ಸೆಗಿಂತ ಅದು ಅಗ್ಗ.

ಏನನ್ನು ತರಬೇಕು ಎಂಬುದಕ್ಕೂ ಚರಕರಲ್ಲಿಯೇ ಒಂದು ಅಳತೆಗೋಲು ದೊರೆಯುತ್ತದೆ. 15ನೆಯ ಅಧ್ಯಾಯದಲ್ಲಿ ರೋಗಿಯ ಆರೈಕೆಗಾಗಿ ಕಟ್ಟಬೇಕಾದ ಮನೆಯ ವರ್ಣನೆ ಬರುತ್ತದೆ. ಅದು ಗಟ್ಟಿಯಾಗಿರಬೇಕು, ಬಿರುಗಾಳಿ ನೇರವಾಗಿ ನುಗ್ಗಬಾರದು, ಆದರೆ ಒಂದು ಕಡೆಯಿಂದ ಗಾಳಿ ಆಡಬೇಕು, ಹೊಗೆ, ಬಿಸಿಲು, ನೀರು, ಧೂಳು ತಾಗಬಾರದು, ಸ್ನಾನದ ಸ್ಥಳ, ಶೌಚ, ಅಡುಗೆಮನೆ ಅಲ್ಲಿಯೇ ಇರಬೇಕು. ಜೊತೆಗೆ ‘ಸುಖಪ್ರವಿಚಾರ’, ಎಂದರೆ ಸುಖವಾಗಿ ಓಡಾಡುವಂತಿರಬೇಕು. ದೊಡ್ಡದಾಗಿರಬೇಕೆಂದು ಎಲ್ಲಿಯೂ ಹೇಳಿಲ್ಲ. ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಅಡುಗೆಮನೆಗೆ ಕಣ್ಣು ಮುಚ್ಚಿ ನಡೆದರೂ ಕಾಲಿಗೆ ಏನೂ ತಗುಲದಂತಿದ್ದರೆ ಸಾಮಾನು ಮಿತವಾಗಿದೆಯೆಂದು ತಿಳಿಯಿರಿ.

ಬಚ್ಚಲ ಗೋಡೆಗೆ ಹಿಡಿಕೆ ಬೇಕು. ಮಗ ಬಂದಾಗ ಹಾಕಿಸೋಣವೆಂದು ಮುಂದೂಡಬೇಡಿ. ದಿನಬಳಕೆಯ ಪಾತ್ರೆ, ಡಬ್ಬಿಗಳು ಮೊಣಕಾಲಿಗಿಂತ ಮೇಲೆ, ಭುಜಕ್ಕಿಂತ ಕೆಳಗೆ ಇರಲಿ. ಸ್ಟೂಲು ಹತ್ತಿ ತೆಗೆಯಬೇಕಾದ ಯಾವ ವಸ್ತುವೂ ನಮ್ಮ ವಯಸ್ಸಿನವರಿಗೆ ಬೇಕಾಗಿಲ್ಲ. ರಾತ್ರಿಯಿಡೀ ಒಂದು ಚಿಕ್ಕ ದೀಪ ಉರಿಯಲಿ. ಗಂಟು ಬಿಚ್ಚುವಾಗ ಹಳೆಯ ಔಷಧಗಳನ್ನೂ ನೋಡಿ: ಚೂರ್ಣಗಳ ವೀರ್ಯ ಎರಡು ತಿಂಗಳಿಗೆ ಕುಂದುತ್ತದೆಂದು ಶಾರ್ಙ್ಗಧರರು ಹೇಳಿದ್ದಾರೆ, ನಮ್ಮ ಜನ ತ್ರಿಫಲಾ ಡಬ್ಬಿಯನ್ನು ಹತ್ತು ವರ್ಷ ಕಾಯ್ದಿಡುತ್ತಾರೆ! ಪೊಟ್ಟಣದ ಮೇಲಿನ ದಿನಾಂಕ ಮೀರಿದ್ದರೆ ಎಸೆಯಿರಿ.

ಮನೆ ಬದಲಾದರೂ ದಿನಚರಿ ಬದಲಾಗಬಾರದು. ಏಳುವ ಹೊತ್ತು, ಸ್ನಾನದ ಹೊತ್ತು, ಉಣ್ಣುವ ಹೊತ್ತು ಊರಿನಲ್ಲಿದ್ದಂತೆಯೇ ಇರಲಿ. ಮಂಚದಲ್ಲಿ ಯಾವ ಮಗ್ಗುಲಿಗೆ ಮಲಗುತ್ತಿದ್ದಿರೋ ಆ ಮಗ್ಗುಲೇ ಇರಲಿ. ಹೊಸ ಹೊದಿಕೆ ಕೊಳ್ಳುವ ಬದಲು ಹಳೆಯ ಕೌದಿಯನ್ನೇ ಹೊದೆಯಿರಿ. ಮಲಗುವ ಮುನ್ನ ಅಂಗಾಲಿಗೆ ಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿಕೊಳ್ಳಿ. ನಿತ್ಯ ಅಭ್ಯಂಗವು ಮುಪ್ಪು, ಆಯಾಸ, ವಾತಗಳನ್ನು ತಗ್ಗಿಸುವುದೆಂದೂ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಮಾಡಬೇಕೆಂದೂ ವಾಗ್ಭಟರ ಮತ. ಎಣ್ಣೆಯನ್ನು ಚೆನ್ನಾಗಿ ಒರೆಸಿಯೇ ನೆಲಕ್ಕೆ ಕಾಲಿಡಬೇಕು, ಇಲ್ಲವಾದರೆ ಮದ್ದೇ ಮುಳುವಾದೀತು.

ಪೂಜೆಯ ವಿಷಯದಲ್ಲಿ ನಮಗೆ ಚಿಂತೆ ಕಡಿಮೆ. ಇಷ್ಟಲಿಂಗಕ್ಕೆ ಅಂಗೈಯಷ್ಟು ಜಾಗ, ಕುಳಿತುಕೊಳ್ಳಲು ಒಂದು ಮಣೆ. ಆದರೂ ದಿನವೂ ಅದೇ ಮೂಲೆಯಲ್ಲಿ ಕುಳಿತರೆ ಮನಸ್ಸು ಬೇಗ ನಿಲ್ಲುತ್ತದೆ ಎಂಬುದನ್ನು ಕಂಡಿದ್ದೇನೆ. ನಮ್ಮ ಮನೆಯವರು ಕೈ ಗುಣವಾದ ಮೇಲೆ ಊರಿನಿಂದ ಚಿಕ್ಕ ಒರಳನ್ನು ತರಿಸಿ ಹಿತ್ತಿಲ ಮೆಟ್ಟಿಲ ಬಳಿ ಇಟ್ಟರು. ಶೇಂಗಾ ಚಟ್ನಿಯನ್ನು ಅದರಲ್ಲಿಯೇ ಕುಟ್ಟುತ್ತಾರೆ. ಮೂರು ಕುಂಡಗಳಲ್ಲಿ ದೊಡ್ಡಪತ್ರೆ, ತುಳಸಿ, ಅಮೃತಬಳ್ಳಿ. ನೆರೆಮನೆಯವರು ಮಗುವಿನ ಕೆಮ್ಮಿಗೆಂದು ಎಲೆ ಕೇಳಲು ಬರತೊಡಗಿದ ಮೇಲೆ, ‘ನಮ್ಮ ಮನಿ’ ಎಂಬ ಮಾತು ಅವರ ಬಾಯಲ್ಲಿ ಈ ಮನೆಗೆ ಬಂದಿತು. ಅದುವರೆಗೆ ಅವರು ‘ಇಲ್ಲಿ’ ಎನ್ನುತ್ತಿದ್ದರಷ್ಟೆ.

ಒಂದು ಎಚ್ಚರಿಕೆ. ಎಲ್ಲ ತೊಂದರೆಗೂ ಮನೆಯನ್ನೇ ದೂರಬಾರದು. ಹೊಸ ಮನೆಗೆ ಬಂದ ಹಿರಿಯರಿಗೆ ಒಮ್ಮೆಲೇ ಮರೆವು, ಗೊಂದಲ, ಅಸಂಬದ್ಧ ಮಾತು ಕಾಣಿಸಿದರೆ ಮೂತ್ರದ ಸೋಂಕೋ ಮತ್ತೊಂದೋ ಇರಬಹುದು. ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ರಕ್ತದೊತ್ತಡದ ಇಲ್ಲವೆ ನಿದ್ರೆಯ ಮಾತ್ರೆ ಸೇವಿಸುವವರಿಗೆ ಏಳುವಾಗ ತಲೆ ತಿರುಗುವುದಿದ್ದರೆ ಅದನ್ನೂ ತಿಳಿಸಬೇಕು. ಅವಸರದಿಂದ ಏಳದೆ ಹಾಸಿಗೆಯಂಚಿನಲ್ಲಿ ತುಸು ಕುಳಿತು ಏಳುವುದು ಎಲ್ಲರಿಗೂ ಒಳ್ಳೆಯದು.

ಕಳೆದ ಜಾತ್ರೆಗೆ ನಾವು ಊರಿಗೆ ಹೋಗಿದ್ದೆವು. ತಮ್ಮನ ಮಕ್ಕಳು ಪ್ರೀತಿಯಿಂದ ನಮ್ಮ ಹಳೆಯ ಕೋಣೆಯಲ್ಲಿಯೇ ಹಾಸಿಗೆ ಹಾಸಿದ್ದರು. ನಡುರಾತ್ರಿ ನಮ್ಮ ಮನೆಯವರು ಎದ್ದು ಬಲಕ್ಕೆ ತಿರುಗಿ ಗೋಡೆಯನ್ನು ತಡಕಾಡತೊಡಗಿದರು. ನಾನು ತಲೆದಿಂಬಿನ ಕೆಳಗಿನ ಬ್ಯಾಟರಿ ಹಚ್ಚಿ ಹಿಡಿದೆ.