ಸಂಗೀತದ ಮೇಷ್ಟ್ರು: ಹೆಸರಿಗಿಂತ ಕಿವಿ ನೋಡಿ

ವಿಜಯದಶಮಿ ಹತ್ತಿರವಾಯಿತೆಂದರೆ ಬಡಾವಣೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಹತ್ತಿರದಲ್ಲಿ ಒಳ್ಳೇ ಸಂಗೀತದ ಮೇಷ್ಟ್ರು ಯಾರಾದ್ರೂ ಇದ್ದಾರಾ?" ಮರುಕ್ಷಣವೇ ಹತ್ತು ಫೋನ್ ನಂಬರು ಬಂದು ಬೀಳುತ್ತವೆ. ಅವುಗಳಲ್ಲಿ ಯಾರನ್ನು ಆರಿಸಬೇಕು, ಆರಿಸಿದ ಮೇಲೆ ಏನು ಮಾಡಬೇಕು ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆ ಜಾಗವನ್ನು ತುಂಬುವುದು ಬಾಯಿಂದ ಬಾಯಿಗೆ ಬಂದ ನಂಬಿಕೆಗಳು. ಕೆಲವನ್ನು ಪರೀಕ್ಷಿಸಿ ನೋಡೋಣ. ಇಲ್ಲಿನ ಮಾತು ಹೆಚ್ಚಾಗಿ ಹಾಡುಗಾರಿಕೆಯದು. ವೀಣೆ, ಪಿಟೀಲು, ಕೊಳಲು ಕಲಿಯುವವರಿಗೂ ಬಹುಪಾಲು ಸಲ್ಲುತ್ತದೆ.

ತಪ್ಪು ಕಲ್ಪನೆ: ಕಚೇರಿಯಲ್ಲಿ ಹೆಸರು ಮಾಡಿದವರೇ ಒಳ್ಳೆಯ ಮೇಷ್ಟ್ರು.

ಸತ್ಯ: ಹಾಡುವುದು ಒಂದು ವಿದ್ಯೆ, ಹೇಳಿಕೊಡುವುದು ಇನ್ನೊಂದು. ಎರಡೂ ಕೂಡಿಬಂದವರು ಖಂಡಿತ ಇದ್ದಾರೆ. ಆದರೆ ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಇರಲೇಬೇಕೆಂದಿಲ್ಲ. ರಾಮನವಮಿಯ ಪೆಂಡಾಲು, ಡಿಸೆಂಬರಿನ ಚೆನ್ನೈ ಎಂದು ವರ್ಷವಿಡೀ ತಿರುಗುವ ಕಲಾವಿದರ ಬಳಿ ಪಾಠ ಮೇಲಿಂದ ಮೇಲೆ ತಪ್ಪುವುದೂ ಉಂಟು.

ಸೇರುವ ಮುಂಚೆ ಒಂದು ಪಾಠದಲ್ಲಿ ಹಿಂದೆ ಕೂತು ನೋಡಲು ಅನುಮತಿ ಕೇಳಿ. ಮೇಷ್ಟ್ರು ಎಷ್ಟು ಚೆನ್ನಾಗಿ ಹಾಡುತ್ತಾರೆ ಎನ್ನುವುದಕ್ಕಿಂತ ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ ಎಂದು ಗಮನಿಸಿ. ಹನ್ನೆರಡು ಮಕ್ಕಳು ಒಟ್ಟಿಗೆ ಹಾಡಿ ಗಂಟೆ ಮುಗಿಸಿದರೆ ಅಪಸ್ವರ ಯಾರದೆಂದು ಮೇಷ್ಟ್ರಿಗೂ ತಿಳಿಯದು, ಹಾಡಿದ ಮಗುವಿಗೂ ತಿಳಿಯದು. ಒಬ್ಬೊಬ್ಬರಿಂದ ಒಂದೊಂದು ಸಾಲಾದರೂ ಹಾಡಿಸುತ್ತಾರೆಯೇ? ತಪ್ಪಿದಾಗ ಏನೆನ್ನುತ್ತಾರೆ? "ಸರಿಯಾಗಿ ಹಾಡು" ಎಂದರೆ ಅದು ಗದರಿಕೆ. "ಮಧ್ಯಮ ಇಳೀತು ನೋಡಮ್ಮ, ಪಂಚಮದಲ್ಲಿ ನಿಂತು ಅಲ್ಲಿಂದ ಇಳಿದು ಬಾ" ಎಂದರೆ ಅದು ಪಾಠ.

ಹೆಸರಿನ ಬೆನ್ನು ಹತ್ತಿ ದೂರ ಹೋಗಬೇಕೆಂದೂ ಇಲ್ಲ. ಹುಡುಗ ಭೀಮಸೇನ ಜೋಶಿ ಗುರುವನ್ನು ಹುಡುಕುತ್ತ ಗದುಗಿನ ಮನೆ ಬಿಟ್ಟು ಗ್ವಾಲಿಯರ್, ಕೋಲ್ಕತ್ತ, ಜಲಂಧರ್ ಎಂದು ಅಲೆದರು. ಕೊನೆಗೆ ಅವರಿಗೆ ಬೇಕಾದ ಗುರು ಸವಾಯಿ ಗಂಧರ್ವರು ಸಿಕ್ಕಿದ್ದು ಹುಬ್ಬಳ್ಳಿ ಮಗ್ಗುಲಿನ ಕುಂದಗೋಳದಲ್ಲಿ.

ತಪ್ಪು ಕಲ್ಪನೆ: ಬೇಗ ಬೇಗ ಹಾಡು ಹೇಳಿಕೊಟ್ಟರೆ ಪಾಠ ಚೆನ್ನಾಗಿ ಸಾಗುತ್ತಿದೆ ಎಂದರ್ಥ.

ಸತ್ಯ: "ಮೂರು ತಿಂಗಳಾಯ್ತು, ಇನ್ನೂ ಸರಿಗಮವೇ" ಎಂಬ ಗೊಣಗಾಟ ಕೇಳದ ಮೇಷ್ಟ್ರಿಲ್ಲ. ಕರ್ನಾಟಕ ಸಂಗೀತದ ಮೊದಲ ಪಾಠಗಳಿಗೆ ಕ್ರಮ ಕಟ್ಟಿಕೊಟ್ಟವರು ಪುರಂದರದಾಸರು ಎಂದು ಪರಂಪರೆ ನಂಬುತ್ತದೆ: ಸರಳೆ ವರಸೆ, ಜಂಟಿ ವರಸೆ, ಏಳು ತಾಳಗಳ ಅಲಂಕಾರ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆ. ವರಸೆಗಳಿಗೆ ಆರಿಸಿದ ರಾಗ ಮಾಯಾಮಾಳವಗೌಳ, ಹದಿನೈದನೆಯ ಮೇಳ. ಇದರ ಸ್ವರಗಳನ್ನು ನೋಡಿ. ಸ-ರಿ ಅಕ್ಕಪಕ್ಕ, ರಿಯಿಂದ ಗಕ್ಕೆ ದೊಡ್ಡ ಜಿಗಿತ, ಗ-ಮ ಮತ್ತೆ ಅಕ್ಕಪಕ್ಕ. ಪಂಚಮದಿಂದ ಮೇಲೆ ಪ-ದ, ದ-ನಿ, ನಿ-ಸ ಕೂಡ ಅದೇ ಅಳತೆ. ಕೆಳಗೆ ಕಲಿತದ್ದನ್ನೇ ಮಗು ಮೇಲೆಯೂ ಮಾಡಿ ನೋಡುತ್ತದೆ, ಚಿಕ್ಕ ಅಂತರ ಮತ್ತು ದೊಡ್ಡ ಅಂತರ ಎರಡೂ ಕಿವಿಗೆ ಕೂರುತ್ತವೆ. ಒಂದೇ ವರಸೆಯನ್ನು ತಾಳ ಬದಲಿಸದೆ ಒಂದು, ಎರಡು, ನಾಲ್ಕು ಪಟ್ಟು ವೇಗದಲ್ಲಿ ಮೂರು ಕಾಲ ಹಾಡಿಸುವುದರಿಂದ ಲೆಕ್ಕ ಕೈಗೆ ಹತ್ತುತ್ತದೆ.

ಹಾಗೆಂದು ವರ್ಷಗಟ್ಟಲೆ ವರಸೆಯಲ್ಲೇ ಕೂರಿಸುವುದು ಶಿಸ್ತಿನ ಗುರುತೂ ಅಲ್ಲ. ನಡುನಡುವೆ ಒಂದು ಸಣ್ಣ ದೇವರನಾಮ ಹೇಳಿಕೊಟ್ಟರೆ ಪಾಠ ಕೆಡುವುದಿಲ್ಲ, ಮಗುವಿನ ಉತ್ಸಾಹವೂ ಉಳಿಯುತ್ತದೆ.

ತಪ್ಪು ಕಲ್ಪನೆ: ಮೇಷ್ಟ್ರ ಶ್ರುತಿಯಲ್ಲೇ ಶಿಷ್ಯರೂ ಹಾಡಬೇಕು. ಏರು ಶ್ರುತಿಯಲ್ಲಿ ಹಾಡಿದವರೇ ಗಟ್ಟಿಗರು.

ಸತ್ಯ: ಶ್ರುತಿ ಅವರವರ ಕಂಠಕ್ಕೆ ಸೇರಿದ್ದು. ಶ್ರುತಿಪೆಟ್ಟಿಗೆಯ ಮನೆಗಳ ಲೆಕ್ಕದಲ್ಲಿ ಗಂಡಸರಿಗೆ ಸಾಮಾನ್ಯವಾಗಿ ಒಂದರಿಂದ ಎರಡು ಮನೆ, ಹೆಂಗಸರಿಗೆ ಐದು, ಐದೂವರೆ, ಆರು ಮನೆಯ ಆಸುಪಾಸು. ಐದೂವರೆ ಮನೆಯ ಮೇಡಂ ಹತ್ತಿರ ಗಂಡಸರು ಪಾಠಕ್ಕೆ ಕೂತರೆ ಇಬ್ಬರಲ್ಲಿ ಒಬ್ಬರ ಗಂಟಲು ಸೋಲುತ್ತದೆ. ಪರಿಹಾರ ಸುಲಭ: ಮೇಡಂ ತಮ್ಮ ಶ್ರುತಿಯಲ್ಲಿ ಒಮ್ಮೆ ಹಾಡಿ ತೋರಿಸಿ, ಶ್ರುತಿಪೆಟ್ಟಿಗೆ ಬದಲಿಸಿ, ಶಿಷ್ಯರ ಶ್ರುತಿಯಲ್ಲಿ ಹಾಡಿಸಬೇಕು. ಇಷ್ಟು ತಾಳ್ಮೆ ಇದೆಯೇ ಎಂದು ಮೊದಲೇ ವಿಚಾರಿಸಿ. ತಾರಸ್ಥಾಯಿಗೆ ಹೋಗುವಾಗ ಕತ್ತಿನ ನರ ಉಬ್ಬಿದರೆ, ಪಾಠ ಮುಗಿದ ಮೇಲೆ ಗಂಟಲು ಕಟ್ಟಿದರೆ, ಶ್ರುತಿ ಇಳಿಸಬೇಕೆಂದೇ ಅರ್ಥ. ಗಂಡುಹುಡುಗರ ಧ್ವನಿ ಒಡೆಯುವ ಕಾಲದಲ್ಲಂತೂ ಒತ್ತಾಯ ಸಲ್ಲದು. ಆಗ ಪಾಠ ಬಿಡಿಸುವುದೂ ಬೇಡ, ಇಳಿದ ಶ್ರುತಿಯಲ್ಲಿ ಮೆಲ್ಲಗೆ ನಡೆಯಲಿ.

ಶಾರೀರ ಇಂಪಾಗಿಲ್ಲ ಎಂದು ಹಿಂಜರಿಯುವವರು ಗಂಗೂಬಾಯಿ ಹಾನಗಲ್ ಅವರನ್ನು ನೆನೆಯಬಹುದು. ಮೊದಲ ಧ್ವನಿಮುದ್ರಣಗಳಲ್ಲಿ ತೆಳ್ಳಗಿದ್ದ ಅವರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಗಡುಸಾಯಿತು. ಆ ಗಡಸು ದನಿಯೇ ಮುಂದೆ ಅವರ ಗುರುತಾಯಿತು.

ತಪ್ಪು ಕಲ್ಪನೆ: ಐದು ವರ್ಷಕ್ಕೇ ಶುರುಮಾಡದಿದ್ದರೆ ಸಂಗೀತ ಹತ್ತುವುದಿಲ್ಲ.

ಸತ್ಯ: ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ಒಂದೇ ಜಾಗವಿಲ್ಲ, ಹಾಡುವವರು ಇಟ್ಟಲ್ಲಿ ಸ. ಅಲ್ಲಿಂದ ಉಳಿದ ಸ್ವರಗಳ ದೂರವನ್ನು ಅಳೆಯುವುದೇ ಸ್ವರಜ್ಞಾನ. ಈ ಅಳತೆಯನ್ನು ನಲವತ್ತರಲ್ಲೂ ಕಲಿಯಬಹುದು. ದ್ರುತದ ಓಟಕ್ಕೆ ದೊಡ್ಡವರ ಗಂಟಲು ನಿಧಾನವಾಗಿ ಬಗ್ಗುತ್ತದೆ ಎನ್ನುವುದು ನಿಜ. ಆದರೆ ತಾಳದ ಲೆಕ್ಕ, ಸಾಹಿತ್ಯದ ಭಾವ ಅವರಿಗೆ ಬೇಗ ಹಿಡಿಸುತ್ತದೆ. ಮಕ್ಕಳ ಗುಂಪಿನಲ್ಲಿ ಕೂರಿಸದೆ ಬೇರೆ ಹೊತ್ತು ಕೊಡುವ ಮೇಷ್ಟ್ರನ್ನು ಹುಡುಕಿಕೊಂಡರಾಯಿತು.

ತಪ್ಪು ಕಲ್ಪನೆ: ಒಮ್ಮೆ ಒಬ್ಬರನ್ನು ಗುರುವೆಂದ ಮೇಲೆ ಬಿಟ್ಟು ಹೋಗುವುದು ದ್ರೋಹ.

ಸತ್ಯ: ಮಲ್ಲಿಕಾರ್ಜುನ ಮನ್ಸೂರರು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ಪಾಠ ಮುಗಿಸಿ, ಆಮೇಲೆ ಜೈಪುರ-ಅತ್ರೌಲಿ ಘರಾಣೆಯ ಮಂಜಿಖಾನರಲ್ಲಿ, ಅವರು ತೀರಿಕೊಂಡ ಬಳಿಕ ಭೂರ್ಜಿಖಾನರಲ್ಲಿ ಕಲಿತರು. ಗದುಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು ಆಮೇಲೆ ಹಲವು ಉಸ್ತಾದರಿಂದ ವಿದ್ಯೆ ಪಡೆದರು. ಇವರಲ್ಲಿ ಯಾರಿಗೂ ಹಳೆಯ ಗುರುವಿನ ಮೇಲಿನ ಗೌರವ ಕಡಿಮೆಯಾಗಲಿಲ್ಲ.

ಆದರೆ ಆರಾರು ತಿಂಗಳಿಗೆ ಮೇಷ್ಟ್ರನ್ನು ಬದಲಿಸಿದರೆ ಪ್ರತಿಯೊಬ್ಬರೂ ಸರಳೆ ವರಸೆಯಿಂದಲೇ ಶುರುಮಾಡುತ್ತಾರೆ, ಮಗು ಅಲ್ಲೇ ಉಳಿಯುತ್ತದೆ. ಬಿಡುವುದಾದರೆ ಫೋನ್ ಎತ್ತದೆ ತಲೆಮರೆಸಿಕೊಳ್ಳಬೇಡಿ. ಮನೆಗೆ ಹೋಗಿ, ಬಾಕಿ ತೀರಿಸಿ, ನಮಸ್ಕಾರ ಮಾಡಿ, ಹೇಳಿ ಬನ್ನಿ.

ತಪ್ಪು ಕಲ್ಪನೆ: ಜೂನಿಯರ್, ಸೀನಿಯರ್ ಪಾಸಾದರೆ ಸಂಗೀತ ಬಂದ ಹಾಗೆ.

ಸತ್ಯ: ಪರೀಕ್ಷೆ ಒಂದು ಗಡುವು ಕೊಡುತ್ತದೆ, ಓದಿಸುತ್ತದೆ, ಅದು ಒಳ್ಳೆಯದೇ. ಆದರೆ ಪಠ್ಯದ ಹಾಡುಗಳನ್ನಷ್ಟೇ ಗಿಳಿಪಾಠ ಮಾಡಿಸುವ ಕಡೆ ಸರ್ಟಿಫಿಕೇಟು ಗೋಡೆಗೇರುತ್ತದೆ, ಹೊಸ ವರ್ಣವೊಂದನ್ನು ಸ್ವರ ನೋಡಿ ಹಾಡು ಎಂದರೆ ಬಾಯಿ ಕಟ್ಟುತ್ತದೆ.

ತಪ್ಪು ಕಲ್ಪನೆ: ಆನ್‌ಲೈನ್ ಪಾಠ ಬರೀ ದಂಡ.

ಸತ್ಯ: ಡಲ್ಲಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಕೂತು ಮೈಸೂರಿನ ಮೇಷ್ಟ್ರಿಂದ ಕಲಿಯುತ್ತಿರುವ ಕನ್ನಡದ ಮಕ್ಕಳಿದ್ದಾರೆ. ಮಿತಿ ತಿಳಿದಿರಬೇಕು ಅಷ್ಟೆ. ದನಿ ಹೋಗಿ ಬರಲು ಹೊತ್ತು ಹಿಡಿಯುವುದರಿಂದ ಇಬ್ಬರೂ ಜೊತೆಗೆ ಹಾಡಲಾಗದು, ತಾಳ ಕೂಡದು. ಒಬ್ಬರು ಹಾಡಿ ನಿಲ್ಲಿಸಿದ ಮೇಲೆ ಇನ್ನೊಬ್ಬರು ಹಾಡಬೇಕು. ಇನ್ನೊಂದು ತೊಡಕು ಬಹಳ ಜನಕ್ಕೆ ಗೊತ್ತಿಲ್ಲ: ಎಡೆಬಿಡದೆ ನುಡಿಯುವ ತಂಬೂರಿಯನ್ನು ಝೂಮ್‌ನಂಥ ಆ್ಯಪ್‌ಗಳು ಫ್ಯಾನಿನ ಸದ್ದೆಂದು ಬಗೆದು ಅಳಿಸಿಬಿಡುತ್ತವೆ. ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಆನ್ ಮಾಡಿಕೊಂಡು, ಶಿಷ್ಯರು ತಮ್ಮ ಕಡೆಯೂ ತಂಬೂರಿ ಹಾಕಿಕೊಳ್ಳಬೇಕು. ಪಿಟೀಲಿನ ಕಮಾನು ಹಿಡಿಯುವ ರೀತಿ, ವೀಣೆಯ ಮೇಲೆ ಎಡಗೈ ಇಡುವ ಬಗೆಯನ್ನು ಮಾತ್ರ ಮೊದಮೊದಲು ಎದುರಿಗೇ ಕೂತು ಕಲಿಯುವುದು ಲೇಸು.

ತಪ್ಪು ಕಲ್ಪನೆ: ಒಳ್ಳೆಯ ಮೇಷ್ಟ್ರಿದ್ದರೆ ವಾರಕ್ಕೆರಡು ಪಾಠ ಸಾಕು.

ಸತ್ಯ: ಮೇಷ್ಟ್ರು ತಿದ್ದಿಕೊಟ್ಟದ್ದು ಉಳಿಯುವುದು ಎರಡು ಪಾಠಗಳ ನಡುವೆ ಮನೆಯಲ್ಲಿ. ಪಾಠಕ್ಕೆ ಹೊರಡುವ ಮುನ್ನ ಒಂದು ಗಂಟೆ ತಿರುವಿಹಾಕುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಶ್ರುತಿ ಹಾಕಿಕೊಂಡು ಕೂರುವುದು ಮೇಲು. ಪುಸ್ತಕದ ಸ್ವರಲಿಪಿಯನ್ನೇ ನೆಚ್ಚಬೇಡಿ. ತೋಡಿಯಲ್ಲಿ 'ಗ' ಎಂದು ಒಂದೇ ಅಕ್ಷರ ಅಚ್ಚಾಗಿರುತ್ತದೆ, ಹಾಡುವಾಗ ಆ ಗಾಂಧಾರ ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗುತ್ತಿರುತ್ತದೆ. ಅದನ್ನು ಬರೆದಿಡಲಾಗದು, ಕೇಳಿಯೇ ಹಿಡಿಯಬೇಕು. ಆದ್ದರಿಂದ ಮೇಷ್ಟ್ರನ್ನು ಕೇಳಿ ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆಯಲ್ಲಿ ನೀವು ಹಾಡಿದ್ದನ್ನೂ ರೆಕಾರ್ಡ್ ಮಾಡಿ, ಎರಡನ್ನೂ ಒಂದರ ಹಿಂದೊಂದು ಕೇಳಿ. ಎಲ್ಲಿ ಬೇರೆಯಾಯಿತು ಎಂದು ಗುರುತು ಹಾಕಿಕೊಂಡು ಹೋದರೆ ಮುಂದಿನ ಪಾಠ ಅಲ್ಲಿಂದಲೇ ಶುರುವಾಗುತ್ತದೆ.

ಆರು ತಿಂಗಳಾದ ಮೇಲೆ ಎಷ್ಟು ಹಾಡು ಬಂತು ಎಂದು ಎಣಿಸಬೇಡಿ. ಸ್ವರ ತಪ್ಪಿದಾಗ ಮಗು, ಮೇಷ್ಟ್ರು ಹೇಳುವ ಮೊದಲೇ ತಾನಾಗಿ ನಿಲ್ಲಿಸಿ ತಿದ್ದಿಕೊಳ್ಳುತ್ತದೆಯೇ ನೋಡಿ. ಹಾಗಿದ್ದರೆ ಮೇಷ್ಟ್ರ ಕಿವಿ ಶಿಷ್ಯರಿಗೆ ಬರತೊಡಗಿದೆ ಎಂದರ್ಥ, ಬೇರೆ ನಂಬರು ಹುಡುಕುವ ಅಗತ್ಯವಿಲ್ಲ.